ಕ್ಲಬ್ಬಿನ ಹೆಸರು ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಸಣ್ಣ ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್. ಹದಿನಾಲ್ಕು ಜನ ಇದ್ದೇವೆ. ಗುಡ್ಡದ ಮೇಲೆ ರಿಪೀಟರ್ (ಬಂದ ಸಂದೇಶವನ್ನು ಮತ್ತೆ ಪ್ರಸಾರ ಮಾಡಿ ದೂರ ಮುಟ್ಟಿಸುವ ರೇಡಿಯೋ) ಇಟ್ಟಿರುವ ಜಾಗದಲ್ಲೇ ಒಂದು ಪುಟ್ಟ ಸರ್ವರ್ ಇಟ್ಟು, 44 ನೆಟ್‌ನಲ್ಲಿ, ಅಂದರೆ ಹ್ಯಾಮ್‌ಗಳಿಗೆ ಅಂತಲೇ ಇರುವ, 44ರಿಂದ ಶುರುವಾಗುವ ಇಂಟರ್ನೆಟ್ ನಂಬರ್‌ಗಳ ಜಾಲದಲ್ಲಿ, ವಿಳಾಸ ತಗೋಬೇಕು ಅಂತಿದ್ದೇವೆ. ಕೆಲಸ ಶುರುವಾಗುವ ಮೊದಲೇ ಜಗಳ ಶುರುವಾಗಿದೆ. ಆ ಜಾಲದ ಡೊಮೇನ್ ಆದ ಎಎಂಪಿಆರ್ ಡಾಟ್ ಆರ್ಗ್ ಕೆಳಗೆ ಊರಿನ ಹೆಸರು ಬೇಕು ಅಂತ ಕೆಲವರು, ಕ್ಲಬ್ಬಿನ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಅಕ್ಷರಗಳು) ಸಾಕು ಅಂತ ಇನ್ನು ಕೆಲವರು. ಕ್ಲಬ್ಬಿನ ಡಾಟ್ ಇನ್ ಡೊಮೇನ್ ಒಬ್ಬ ಹಿರಿಯ ಸದಸ್ಯರ ಸ್ವಂತ ಹೆಸರಿನಲ್ಲಿದೆ, ಮೊದಲಿನಿಂದ ದುಡ್ಡು ಕಟ್ಟುತ್ತಿರುವವರೂ ಅವರೇ. ಅವರು ಅದರಲ್ಲಿ ತಮ್ಮ ಅಂಗಡಿಯ ಜಾಹೀರಾತು ಹಾಕಿದ್ದಾರೆ, ಬಿಟ್ಟುಕೊಡಲು ಒಪ್ಪುತ್ತಿಲ್ಲ. ಸರ್ವರ್‌ಗೆ ಎಚ್‌ಟಿಟಿಪಿಎಸ್ (ವೆಬ್ ಪುಟದ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದಂತೆ ಕಳಿಸುವ ಪದ್ಧತಿ) ಹಾಕಬಹುದಾ ಎನ್ನುವುದೂ ಇತ್ಯರ್ಥ ಆಗಿಲ್ಲ. 2019ರಲ್ಲಿ ಹ್ಯಾಮ್‌ಗಳ ವಿಳಾಸಗಳನ್ನು ಮಾರಿಬಿಟ್ಟರಂತೆ. ನಾಳೆ ನಮ್ಮದನ್ನೂ ಕಿತ್ತುಕೊಂಡರೆ ಏನು ಗತಿ?

ಉತ್ತರ: ನಾಲ್ಕು ತಕರಾರು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಸಭೆಯಲ್ಲಿ ನಾಲ್ಕನ್ನೂ ಒಟ್ಟಿಗೆ ಎತ್ತಿದರೆ ಒಂದೂ ಬಗೆಹರಿಯುವುದಿಲ್ಲ. ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಹೆಸರಿನ ವಿಷಯ. ನನ್ನ ಅಭಿಪ್ರಾಯ ಕಾಲ್‌ಸೈನ್ ಕಡೆಯವರದ್ದೇ. ಊರಿನ ಮೇಲಿನ ಪ್ರೀತಿಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಪ್ಯಾಕೆಟ್ ರೇಡಿಯೋದಲ್ಲಿ, ಅಂದರೆ ಕಂಪ್ಯೂಟರ್ ಮಾಹಿತಿಯನ್ನು ತುಂಡು ತುಂಡಾಗಿ ರೇಡಿಯೋ ಮೇಲೆ ಕಳಿಸುವಾಗ, ಕಾಲ್‌ಸೈನ್ ಬರೀ ಗುರುತಿನ ಚೀಟಿ ಅಲ್ಲ, ವಿಳಾಸವೇ ಅದು. ಎಎಕ್ಸ್.25 ಪದ್ಧತಿಯಲ್ಲಿ ಹೊರಡುವ ಪ್ರತಿಯೊಂದು ಪ್ಯಾಕೆಟ್‌ನ ತಲೆಯ ಮೇಲೂ ಯಾರು ಕಳಿಸಿದ್ದು, ಯಾರಿಗೆ ಹೋಗಬೇಕು ಎನ್ನುವುದು ಕಾಲ್‌ಸೈನ್ ರೂಪದಲ್ಲೇ ಇರುತ್ತದೆ. ಆರು ಅಕ್ಷರಕ್ಕೆ ಜಾಗ, ಪಕ್ಕದಲ್ಲಿ 0ಯಿಂದ 15ರವರೆಗೆ ಒಂದು ಅಂಕಿ. ಅಂದರೆ ಒಂದು ಕಾಲ್‌ಸೈನ್ ಇಟ್ಟುಕೊಂಡು 16 ಸ್ಟೇಶನ್ ನಡೆಸಬಹುದು. ಎಎಂಪಿಆರ್ ಡಾಟ್ ಆರ್ಗ್ ಹೆಸರುಗಳೂ ಇದೇ ರೂಢಿಯಲ್ಲಿ ಬೆಳೆದವು. ಕಾಲ್‌ಸೈನ್, ಆಮೇಲೆ ಡಾಟ್, ಆಮೇಲೆ ಎಎಂಪಿಆರ್ ಡಾಟ್ ಆರ್ಗ್.

ಇದರ ಅನುಕೂಲ ಏನು ಗೊತ್ತಾ? ಹೆಸರಿಗಾಗಿ ಇಬ್ಬರು ಕಿತ್ತಾಡುವ ಪ್ರಶ್ನೆಯೇ ಬರುವುದಿಲ್ಲ. ಭಾರತದಲ್ಲಿ ಕಾಲ್‌ಸೈನ್ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಒಂದು ಕಾಲ್‌ಸೈನ್ ಒಂದು ಕಾಲಕ್ಕೆ ಒಬ್ಬರಿಗೆ ಅಥವಾ ಒಂದು ಕ್ಲಬ್ಬಿಗೆ ಮಾತ್ರ. ಇಡೀ ಜಗತ್ತಿನಲ್ಲಿ ಅದರ ಜೋಡಿ ಇನ್ನೊಂದಿಲ್ಲ. ಹೆಸರಿನ ಪಟ್ಟಿ ನೋಡಿಕೊಳ್ಳುವವರು ಲೈಸೆನ್ಸ್ ಒಂದನ್ನು ನೋಡಿದರೆ ಸಾಕು, ಯಾರಿಗೆ ಯಾವ ಹೆಸರು ಸಲ್ಲಬೇಕು ಅಂತ ತಿಳಿಯುತ್ತದೆ. ಮಾಮೂಲಿ ಡೊಮೇನ್ ಲೋಕದಲ್ಲಿ ಮೊದಲು ಬಂದವರಿಗೆ ಹೆಸರು, ತಡವಾಗಿ ಬಂದವರಿಗೆ ಕೋರ್ಟು. ಹ್ಯಾಮ್‌ಗಳಿಗೆ ಆ ಕಷ್ಟ ಇಲ್ಲ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡ ದಿನವೇ ಹೆಸರೂ ಬಂದಿರುತ್ತದೆ.

ಊರಿನ ಹೆಸರಿಗೆ ಆ ಬೆಂಬಲ ಇಲ್ಲ. ಊರು ಹದಿನಾಲ್ಕು ಜನರದ್ದಲ್ಲ. ನಾಳೆ ನಿಮ್ಮೂರಿನ ಕಾಲೇಜಿನಲ್ಲಿ ಇನ್ನೊಂದು ಕ್ಲಬ್ ಹುಟ್ಟುತ್ತದೆ, ಆ ಹುಡುಗರೂ ಅದೇ ಹೆಸರು ಕೇಳುತ್ತಾರೆ. ಆಗ ಯಾರು ತೀರ್ಪು ಕೊಡಬೇಕು? ಊರಿನ ಹೆಸರು ಕಾಣಲೇಬೇಕು ಅಂತಿದ್ದರೆ ಕ್ಲಬ್ಬಿನ ಕಾಲ್‌ಸೈನ್ ಕೆಳಗೆ ಹಾಕಿಕೊಳ್ಳಿ. ಗುಡ್ಡದ ಹೆಸರಿನಲ್ಲಿ ಒಂದು, ವೆಬ್ ಸರ್ವರ್‌ಗೆ ಒಂದು, ಹವಾಮಾನ ಅಳೆಯುವ ಪೆಟ್ಟಿಗೆಗೆ ಒಂದು. ಕಾಲ್‌ಸೈನ್‌ನ ಎಡಕ್ಕೆ ಏನು ಬರೆಯಬೇಕು ಎನ್ನುವುದು ನಿಮ್ಮ ಮನೆಯ ವಿಷಯ. ಜರ್ಮನಿ, ಆಸ್ಟ್ರಿಯಾ ಕಡೆ ಹ್ಯಾಮ್‌ನೆಟ್ ಅಂತ ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್ ಕೊಂಡಿ ಹಾಕಿ ದೊಡ್ಡ ಜಾಲ ಕಟ್ಟಿದ್ದಾರೆ. ಅಲ್ಲಿನ ರಿಪೀಟರ್ ಜಾಗಗಳೂ ತಮ್ಮ ಕಾಲ್‌ಸೈನ್‌ನಿಂದಲೇ ಗುರುತಾಗುತ್ತವೆ. ಹೆಸರು ನೋಡಿದರೆ ಸಾಕು, ಯಾರ ಹೊಣೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಈ ಜಾಲದಲ್ಲಿ ಹೆಸರು ಅಲಂಕಾರಕ್ಕೆ ಇರುವುದಲ್ಲ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೂತು ಇಂಟರ್ನೆಟ್ಟಿಗೂ ಹ್ಯಾಮ್ ಜಾಲಕ್ಕೂ ನಡುವೆ ಬಹಳ ವರ್ಷ ಬಾಗಿಲು ಕಾದ ಗೇಟ್‌ವೇ ಒಂದಿದೆ. ಹೊರಗಿನ ಇಂಟರ್ನೆಟ್‌ನಿಂದ ಬಂದ ಪ್ಯಾಕೆಟ್ಟನ್ನು ಅದು ಸುಮ್ನೆ ಒಳಗೆ ಬಿಡುತ್ತಿರಲಿಲ್ಲ. ಯಾವ 44 ವಿಳಾಸಕ್ಕೆ ಹೋಗಬೇಕೋ ಆ ವಿಳಾಸಕ್ಕೆ ಎಎಂಪಿಆರ್ ಡಾಟ್ ಆರ್ಗ್‌ನಲ್ಲಿ ಒಂದು ಹೆಸರು ದಾಖಲಾಗಿರಬೇಕಿತ್ತು. ಹೆಸರಿಲ್ಲದ ವಿಳಾಸಕ್ಕೆ ಬಂದದ್ದು ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು. ಹೊಸಬರು ಇಂಟರ್ನೆಟ್ ಮೂಲಕ ಗೇಟ್‌ವೇಗೆ ಟನಲ್ ಎನ್ನುವ ಕೊಂಡಿ ಕಟ್ಟಿ, ಪ್ಯಾಕೆಟ್ ಹೋಗುವ ದಾರಿ ಸರಿ ಮಾಡಿ, ಆದರೂ ಏನೂ ಬರುತ್ತಿಲ್ಲ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ಎಷ್ಟೋ ಸಲ ಹೆಸರು ಹಾಕಿಲ್ಲದಿರುವುದೇ ಕಾರಣವಾಗಿರುತ್ತಿತ್ತು.

ಈಗ 2019ರ ಮಾರಾಟಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಿಮ್ಮ ಕ್ಲಬ್ಬಿನ ಡಾಟ್ ಇನ್ ಜಗಳದ ಬೇರು ಅಲ್ಲೇ ಕಾಣುತ್ತದೆ.

1980ರ ಡಿಸೆಂಬರಿನಲ್ಲಿ ಹ್ಯಾಂಕ್ ಮ್ಯಾಗ್ನಸ್ಕಿ ಎನ್ನುವ ಹ್ಯಾಮ್ ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ ಪ್ಯಾಕೆಟ್ ರಿಪೀಟರ್ ಒಂದನ್ನು ಗಾಳಿಗೆ ತಂದರು. ಅವರ ಕಾಲ್‌ಸೈನ್ ಕೆಎ6ಎಂ. ರೇಡಿಯೋ ಮೇಲೂ ಇಂಟರ್ನೆಟ್ ಪದ್ಧತಿ ನಡೆಯಬೇಕು ಎನ್ನುವುದು ಅವರ ಆಸೆ. ಆಗ ಇಂಟರ್ನೆಟ್ ಇನ್ನೂ ತೊಟ್ಟಿಲಲ್ಲಿತ್ತು. ಅವರು ಒಂದು ವಿಳಾಸದ ಗುಂಪು ಕೇಳಿದರು, ಸಿಕ್ಕಿತು. 1981ರ ಸೆಪ್ಟೆಂಬರಿನ ಆರ್‌ಎಫ್‌ಸಿ 790 ಎನ್ನುವ ದಾಖಲೆಯಲ್ಲಿ 44ನೇ ನಂಬರಿನ ಎದುರು ಹವ್ಯಾಸಿ ರೇಡಿಯೋ ಪ್ರಯೋಗ ಜಾಲ ಅಂತ ಬರೆದು, ಸಂಪರ್ಕಕ್ಕೆ ಮ್ಯಾಗ್ನಸ್ಕಿ ಅವರ ಹೆಸರಿನ ಎರಡು ಅಕ್ಷರ ಹಾಕಿದ್ದಾರೆ. ಅಷ್ಟೇ. 44ರಿಂದ ಶುರುವಾಗುವ 1,67,77,216 ವಿಳಾಸಗಳು ಒಂದು ಸಾಲಿನ ಬರಹದಲ್ಲಿ ಹ್ಯಾಮ್‌ಗಳಿಗೆ ಬಂದವು. ಇದರ ಒಡೆಯರು ಯಾರು, ಆ ವ್ಯಕ್ತಿಯಾ, ಜಗತ್ತಿನ ಎಲ್ಲ ಹ್ಯಾಮ್‌ಗಳಾ ಅಂತ ಆ ಸಾಲಿನಲ್ಲಿ ಇಲ್ಲ. ಆಗ ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ವಿಳಾಸಗಳಿಗೆ ಬೆಲೆಯೇ ಇರಲಿಲ್ಲವಲ್ಲ.

ಆಮೇಲೆ ಬ್ರಯಾನ್ ಕ್ಯಾಂಟರ್ ಬಂದರು. ಡಬ್ಲ್ಯುಬಿ6ಸಿವೈಟಿ ಅವರ ಕಾಲ್‌ಸೈನ್. ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸ. ಇಂಟರ್ನೆಟ್‌ನ ಹಳೆಯ ಸುದ್ದಿಗುಂಪುಗಳು ಓಡಿದ ಎನ್‌ಎನ್‌ಟಿಪಿ ಪದ್ಧತಿಯನ್ನು ಬರೆದವರಲ್ಲಿ ಅವರೂ ಒಬ್ಬರು. ಅವರು ದಶಕಗಳ ಕಾಲ ಈ ವಿಳಾಸಗಳನ್ನೂ ಎಎಂಪಿಆರ್ ಡಾಟ್ ಆರ್ಗ್ ಹೆಸರುಗಳನ್ನೂ ನೋಡಿಕೊಂಡರು. ಬೇರೆ ಬೇರೆ ದೇಶಗಳಲ್ಲಿ ಕೋಆರ್ಡಿನೇಟರ್ ಅಂತ ಹ್ಯಾಮ್‌ಗಳೇ ಇದ್ದರು, ತಮ್ಮ ಪ್ರದೇಶದವರಿಗೆ ವಿಳಾಸ ಹಂಚುತ್ತಿದ್ದರು. ಯಾರಿಗೂ ಸಂಬಳ ಇಲ್ಲ. ನಂಬಿಕೆಯ ಮೇಲೆ ನಡೆದ ಕೆಲಸ. ಆ ಶ್ರಮದ ಬಗ್ಗೆ ನನಗೆ ತುಂಬಾ ಗೌರವ ಇದೆ. ಅವರು ಇಲ್ಲದಿದ್ದರೆ ಈ ವಿಳಾಸಗಳು ಯಾವತ್ತೋ ಬೇರೆಯವರ ಪಾಲಾಗಿರುತ್ತಿದ್ದವು. 2011ರಲ್ಲಿ ಇದನ್ನೆಲ್ಲ ಎಆರ್‌ಡಿಸಿ ಎನ್ನುವ ಲಾಭರಹಿತ ಸಂಸ್ಥೆಯ ಕೆಳಗೆ ತಂದರು.

2019ರ ಜುಲೈನಲ್ಲಿ ಸುದ್ದಿ ಹೊರಬಿತ್ತು. 44.192ರಿಂದ ಮೇಲಿನ ಕಾಲು ಭಾಗವನ್ನು, ಅಂದರೆ 41,94,304 ವಿಳಾಸಗಳನ್ನು, ಎಆರ್‌ಡಿಸಿ ಅಮೆಜಾನ್‌ಗೆ ಮಾರಿತ್ತು. ಬಂದ ಹಣ ಸುಮಾರು 10.8 ಕೋಟಿ ಡಾಲರ್. ಬಹಳಷ್ಟು ಹ್ಯಾಮ್‌ಗಳಿಗೆ ವಿಷಯ ಗೊತ್ತಾದದ್ದು ಮಾರಾಟ ಮುಗಿದ ಮೇಲೆಯೇ. ಜೋರಾಗಿ ವಾದ ನಡೆಯಿತು. ನಮ್ಮೆಲ್ಲರಿಗೆ ಅಂತ ಕೊಟ್ಟದ್ದನ್ನು ನಾಲ್ಕು ಜನ ಕೂತು ಹೇಗೆ ಮಾರಿದರು ಎನ್ನುವುದು ಒಂದು ಕಡೆಯ ಪ್ರಶ್ನೆ. ಆ ಭಾಗ ಹೆಚ್ಚೂಕಡಿಮೆ ಖಾಲಿ ಬಿದ್ದಿತ್ತು, ಉಳಿದಿರುವುದೇ 1,25,82,912 ವಿಳಾಸ, ಹ್ಯಾಮ್‌ಗಳಿಗೆ ಅದೇ ಜಾಸ್ತಿ, ಹಣ ಹವ್ಯಾಸಕ್ಕೇ ಹೋಗುತ್ತದೆ ಎನ್ನುವುದು ಇನ್ನೊಂದು ಕಡೆಯ ಉತ್ತರ. ಆ ಮಾತು ಹುಸಿಯಾಗಲಿಲ್ಲ. ಆ ಹಣದಿಂದ ಹ್ಯಾಮ್ ಕೆಲಸಗಳಿಗೆ, ವಿದ್ಯಾರ್ಥಿ ವೇತನಗಳಿಗೆ ನೆರವು ಹೋಗುತ್ತಿದೆ. ಎಂಐಟಿಯ ಹ್ಯಾಮ್ ಕ್ಲಬ್ಬಿಗೆ, ಕಟ್ಟಡದ ಮೇಲಿನ ದೊಡ್ಡ ರೇಡೋಮ್ (ಆಂಟೆನಾ ಮುಚ್ಚುವ ಗುಮ್ಮಟ) ಉಳಿಸಿಕೊಳ್ಳಲು, 2021ರಲ್ಲಿ 16 ಲಕ್ಷ ಡಾಲರ್ ಸಿಕ್ಕಿತು.

ನನ್ನ ತೀರ್ಮಾನ ಕೇಳಿದರೆ, ಮಾರಿದ್ದು ತಪ್ಪಲ್ಲ, ಕೇಳದೆ ಮಾರಿದ್ದು ತಪ್ಪು. ಆದರೆ ಕೇಳುವುದಾದರೂ ಯಾರನ್ನು? ಹ್ಯಾಮ್‌ಗಳ ಪರವಾಗಿ ಹೌದು ಅಥವಾ ಇಲ್ಲ ಅನ್ನಲು ಯಾರಿಗೆ ಹಕ್ಕಿದೆ ಅಂತ 1981ರಲ್ಲೂ ಬರೆದಿರಲಿಲ್ಲ, 2011ರಲ್ಲೂ ಎಲ್ಲರಿಗೂ ತಿಳಿಯುವಂತೆ ಹೇಳಿರಲಿಲ್ಲ. ನಂಬಿಕೆಯಿಂದ ನಡೆಯುತ್ತಿದ್ದದ್ದಕ್ಕೆ ಒಂದು ದಿನ ಬೆಲೆ ಬಂತು, ಬೆಲೆ ಬಂದ ದಿನ ಕಾಗದ ಹುಡುಕಿದರೆ ಇರಲಿಲ್ಲ. ನಿಮ್ಮ ಡಾಟ್ ಇನ್ ಕಥೆಯೂ ಇದೇ ಅಲ್ವಾ? ಆ ಹಿರಿಯರು ಡೊಮೇನ್ ತಗೊಂಡಾಗ ಯಾರಿಗೂ ಅದು ಬೇಕಿರಲಿಲ್ಲ. ಕೈಯಿಂದ ದುಡ್ಡು ಹಾಕಿದರು, ವರ್ಷ ವರ್ಷ ಕಟ್ಟಿದರು.

ನಿಮ್ಮದನ್ನು ಕಿತ್ತುಕೊಳ್ಳುತ್ತಾರಾ? ಹ್ಯಾಮ್ ಕೆಲಸಕ್ಕೆ ಬಳಸುತ್ತಿರುವ, ದಾಖಲೆ ಸರಿಯಾಗಿಟ್ಟ ವಿಳಾಸದ ಬಗ್ಗೆ ಆ ಭಯ ಬೇಡ. ಆದರೆ ನಂಬರ್ ಬದಲಾಗಬಹುದು ಎನ್ನುವುದಕ್ಕೆ ತಯಾರಿರಿ. ಮಾರಾಟವಾದ ಭಾಗದಲ್ಲಿ ಜರ್ಮನಿಯ ಹ್ಯಾಮ್‌ನೆಟ್ ವಿಳಾಸಗಳೂ ಇದ್ದವು, ಅವರು ಕೆಳಗಿನ ಭಾಗಕ್ಕೆ ಎದ್ದು ಹೋಗಬೇಕಾಯಿತು. 2021ರಲ್ಲಿ ಎಆರ್‌ಡಿಸಿಯ ತಾಂತ್ರಿಕ ಸಲಹಾ ಸಮಿತಿಯಿಂದ ಇನ್ನೊಂದು ಸಲಹೆ ಬಂತು. ಉಳಿದ ವಿಳಾಸಗಳನ್ನು ಎರಡು ಪಾಲು ಮಾಡಿ, 44.128ರಿಂದ ಮೇಲಿನದ್ದನ್ನು ಬರೀ ರೇಡಿಯೋ ಒಳಜಾಲಕ್ಕೆ, ಕೆಳಗಿನದ್ದನ್ನು ಇಂಟರ್ನೆಟ್‌ಗೆ ತೆರೆದುಕೊಂಡ ಕೆಲಸಕ್ಕೆ ಇಡೋಣ ಅಂತ. ಕಾಗದದ ಮೇಲೆ ಚೆಂದ. ಆದರೆ ಆಗಲೇ ನೆಲೆಯೂರಿದವರು ಎದ್ದು ಹೋಗಬೇಕಲ್ಲ, ವಿರೋಧ ಜೋರಾಗಿಯೇ ಬಂತು. ಗುಡ್ಡದ ಮೇಲಿನ ಒಂದೊಂದು ಪೆಟ್ಟಿಗೆಯಲ್ಲೂ ನಂಬರನ್ನೇ ಕೆತ್ತಿ ಇಟ್ಟವರಿಗೆ ಇಂಥ ಬದಲಾವಣೆ ಎಂದರೆ ಎರಡು ತಿಂಗಳ ಕೆಲಸ. ಎಲ್ಲೆಡೆ ಹೆಸರನ್ನೇ ಬಳಸಿದವರಿಗೆ ಬಹಳಷ್ಟು ಕಡೆ ಡಿಎನ್‌ಎಸ್‌ನಲ್ಲಿ, ಅಂದರೆ ಯಾವ ಹೆಸರಿಗೆ ಯಾವ ನಂಬರ್ ಅಂತ ಹೇಳುವ ಪಟ್ಟಿಯಲ್ಲಿ, ನಾಲ್ಕು ಸಾಲು ತಿದ್ದಿದರೆ ಆಯಿತು. ಹಾಗಾಗಿ ನಿಮ್ಮ ಎಪಿಆರ್‌ಎಸ್ (ಸ್ಟೇಶನ್ ಎಲ್ಲಿದೆ ಅಂತ ರೇಡಿಯೋ ಮೇಲೆ ತಿಳಿಸುವ ವ್ಯವಸ್ಥೆ) ಆಗಲಿ, ಮೇಲ್ ಆಗಲಿ, ರಿಪೀಟರ್ ಕೊಂಡಿ ಆಗಲಿ, ನಂಬರ್ ಬರೆಯಬೇಡಿ, ಹೆಸರು ಬರೆಯಿರಿ.

ಇನ್ನು ಡಾಟ್ ಇನ್. ಕಹಿ ಎನಿಸಿದರೂ ನೇರವಾಗಿ ಹೇಳುತ್ತೇನೆ. ರಿಜಿಸ್ಟ್ರಾರ್ ದಾಖಲೆಯಲ್ಲಿ ಯಾರ ಹೆಸರಿದೆಯೋ ಡೊಮೇನ್ ಅವರದ್ದು. ಕ್ಲಬ್ಬಿನ ಸಭೆಯ ಠರಾವಿಗೆ ರಿಜಿಸ್ಟ್ರಾರ್ ಕಿವಿಗೊಡುವುದಿಲ್ಲ. ಡಾಟ್ ಇನ್ ಹೆಸರುಗಳನ್ನು ನಡೆಸುವುದು ನಿಕ್ಸಿ ಎನ್ನುವ ಸಂಸ್ಥೆ. ತಕರಾರು ಬಗೆಹರಿಸಲು ಅವರಲ್ಲಿ ಐಎನ್‌ಡಿಆರ್‌ಪಿ ಎನ್ನುವ ಕ್ರಮ ಇದೆ. ದೂರು ಕೊಟ್ಟರೆ ಒಬ್ಬ ಮಧ್ಯಸ್ಥಗಾರರನ್ನು ನೇಮಿಸುತ್ತಾರೆ. ಅಲ್ಲಿ ನೀವು ಮೂರು ವಿಷಯ ತೋರಿಸಬೇಕು. ಡೊಮೇನ್ ನಿಮ್ಮ ಹಕ್ಕಿನ ಹೆಸರನ್ನೇ ಹೋಲುತ್ತದೆ, ಎದುರಿನವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತಗೊಂಡಿದ್ದಾರೆ ಅಥವಾ ಬಳಸುತ್ತಿದ್ದಾರೆ. ಗೆದ್ದರೆ ಹೆಸರು ರದ್ದಾಗುತ್ತದೆ, ಇಲ್ಲವೇ ನಿಮಗೆ ಬರುತ್ತದೆ.

ನೀವು ಆ ದಾರಿ ಹಿಡಿಯಬೇಡಿ. ದುಡ್ಡು ಖರ್ಚಾಗುತ್ತದೆ ಎನ್ನುವುದು ಸಣ್ಣ ಕಾರಣ. ಆ ಹಿರಿಯರು ಕೆಟ್ಟ ಉದ್ದೇಶದಿಂದ ತಗೊಂಡರು ಅಂತ ನೀವು ಬರೆದು ಸಹಿ ಮಾಡಬೇಕಾಗುತ್ತದೆ, ದೊಡ್ಡ ಕಾರಣ ಅದು. ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ, ಅದು ನಿಜ ಅಲ್ಲ. ಕ್ಲಬ್ ಸಂಘವಾಗಿ ನೋಂದಣಿ ಆಗಿಲ್ಲದಿದ್ದರೆ ದೂರು ಕೊಡುವುದು ಯಾರ ಹೆಸರಿನಲ್ಲಿ ಎನ್ನುವುದೂ ಒಂದು ತೊಡಕು. ಅವರ ಮನೆಗೆ ಇಬ್ಬರು ಹೋಗಿ. ಫೋನಿನಲ್ಲಿ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಇಷ್ಟು ವರ್ಷ ಕಟ್ಟಿದ ಹಣ ಎಷ್ಟು ಅಂತ ಕೇಳಿ, ಕ್ಲಬ್ಬಿನಿಂದ ಕೊಡಿ. ಡೊಮೇನ್ ಅವರ ಖಾತೆಯಲ್ಲೇ ಇರಲಿ, ಮಾಲೀಕರ ಜಾಗದಲ್ಲಿ ಮಾತ್ರ ಕ್ಲಬ್ಬಿನ ಹೆಸರು ಬರಲಿ ಅಂತ ಮೊದಲು ಕೇಳಿ. ಅದಕ್ಕೆ ಒಪ್ಪಿದರೆ ಖಾತೆ ಬದಲಾವಣೆ ಆರು ತಿಂಗಳ ಮೇಲೆ ಮಾಡಿದರೂ ನಡೆಯುತ್ತದೆ. ಒಪ್ಪದಿದ್ದರೆ ಕ್ಲಬ್ಬಿನ ಕಾಲ್‌ಸೈನ್ ಹೆಸರಿನಲ್ಲೇ ಹೊಸ ಡೊಮೇನ್ ತಗೊಳ್ಳಿ, ಜಗಳ ಬಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಹಿಂದೆ ಇದ್ದ ಒಂದು ಕ್ಲಬ್ಬಿನಲ್ಲಿ ಡೊಮೇನ್ ನೋಡಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ತೀರಿಕೊಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೈಲೆಂಟ್ ಕೀ ಆದರು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ನವೀಕರಣದ ನೋಟಿಸು ಅವರ ಮೇಲ್‌ಗೆ ಹೋಗುತ್ತಿತ್ತು, ಓದುವವರು ಇರಲಿಲ್ಲ. ದುಃಖದಲ್ಲಿದ್ದ ಮನೆಯವರ ಹತ್ತಿರ ಹೋಗಿ ಪಾಸ್‌ವರ್ಡ್ ಕೇಳಲು ನಮಗೆ ಬಾಯಿ ಬರಲಿಲ್ಲ. ಅವಧಿ ಮುಗಿದು ಹೆಸರು ಬೇರೆ ಯಾರದ್ದೋ ಪಾಲಾಯಿತು. ಅದರ ಜೊತೆ ಹತ್ತು ವರ್ಷದ ಫೋಟೋ, ನೆಟ್‌ಗಳ (ರೇಡಿಯೋ ಮೇಲೆ ಸೇರುವ ಸಭೆಗಳ) ವರದಿ, ಪ್ರವಾಹದ ಸಮಯದಲ್ಲಿ ಸಂದೇಶ ಸಾಗಿಸಿದ ದಾಖಲೆ ಎಲ್ಲ ಹೋಯಿತು. ಅವರು ಮಾಡಿದ ಕೆಲಸದ ನೆನಪು ಅದರಲ್ಲೇ ಇತ್ತು. ಇವತ್ತಿಗೂ ನನಗೆ ಅದು ನೋವು.

ಜಾಹೀರಾತಿನ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಿ, ಆಗ ಸಿಟ್ಟೂ ಇಳಿಯುತ್ತದೆ. ಅಂಗಡಿಯ ಜಾಹೀರಾತು ಮಾಮೂಲಿ ಬ್ರಾಡ್‌ಬ್ಯಾಂಡ್ ಮೇಲೆ ತೆರೆದುಕೊಳ್ಳುವ ಪುಟದಲ್ಲಿದ್ದರೆ ಅದರಲ್ಲಿ ಹ್ಯಾಮ್ ಕಾನೂನಿನ ತಕರಾರು ಏನೂ ಇಲ್ಲ. ಕ್ಲಬ್ಬಿಗೆ ಇಷ್ಟವೋ ಇಲ್ಲವೋ ಎನ್ನುವುದಷ್ಟೇ ಪ್ರಶ್ನೆ. ಅದೇ ಪುಟ ನಿಮ್ಮ ಗುಡ್ಡದ ಸರ್ವರ್‌ನಿಂದ ಹ್ಯಾಮ್ ಬ್ಯಾಂಡ್ ಮೇಲೆ ಹೋಯಿತೋ, ಆಗ ಅದು ವ್ಯಾಪಾರದ ಸಂದೇಶ, ಲೈಸೆನ್ಸ್‌ಗೇ ಕುತ್ತು. ಭಾರತದ 1978ರ ಹವ್ಯಾಸಿ ಸೇವೆಯ ನಿಯಮಗಳಲ್ಲಿ ವ್ಯಾಪಾರಕ್ಕೆ ಜಾಗ ಇಲ್ಲ. 44 ನೆಟ್ ವಿಳಾಸಗಳೂ ಹ್ಯಾಮ್ ಕೆಲಸಕ್ಕೆ ಮಾತ್ರ. ಆದ್ದರಿಂದ ಡಾಟ್ ಇನ್ ಪುಟವನ್ನು 44 ವಿಳಾಸದ ಸರ್ವರ್‌ಗೆ ತಿರುಗಿಸಬೇಡಿ. ಎರಡನ್ನೂ ಬೇರೆ ಬೇರೆ ಇಡಿ.

ಎಚ್‌ಟಿಟಿಪಿಎಸ್‌ಗೂ ಇದೇ ಗೆರೆ. ಅಂತಾರಾಷ್ಟ್ರೀಯ ರೇಡಿಯೋ ನಿಯಮಗಳ 25ನೇ ವಿಧಿ ಹೇಳುವುದು ಏನೆಂದರೆ, ಬೇರೆ ಬೇರೆ ದೇಶಗಳ ಹ್ಯಾಮ್ ಸ್ಟೇಶನ್‌ಗಳ ನಡುವಿನ ಮಾತನ್ನು ಅರ್ಥ ಮುಚ್ಚಿಡುವ ಉದ್ದೇಶದಿಂದ ಸಂಕೇತಕ್ಕೆ ತಿರುಗಿಸಬಾರದು. ಉಪಗ್ರಹಕ್ಕೆ ಕೊಡುವ ಆಜ್ಞೆಗಳಿಗೆ ಮಾತ್ರ ವಿನಾಯಿತಿ. ನಮ್ಮ ದೇಶದ ನಿಯಮವೂ ಸರಳ ಭಾಷೆಯನ್ನೇ ಕೇಳುತ್ತದೆ. ಎಚ್‌ಟಿಟಿಪಿಎಸ್‌ನ ಕೆಲಸವೇ ಅರ್ಥ ಮುಚ್ಚಿಡುವುದು. ಹಾಗಾಗಿ ನಿಮ್ಮ ಮನೆಯಿಂದ ಗುಡ್ಡದ ತನಕ ಕೊಂಡಿ ಹ್ಯಾಮ್ ಬ್ಯಾಂಡ್‌ನಲ್ಲಿದ್ದರೆ ಅದರ ಮೇಲೆ ಎಚ್‌ಟಿಟಿಪಿಎಸ್ ಬೇಡ. ಗುಡ್ಡಕ್ಕೆ ಮಾಮೂಲಿ ಇಂಟರ್ನೆಟ್ ಬರುತ್ತಿದ್ದರೆ ಆ ದಾರಿಯಲ್ಲಿ ಧಾರಾಳವಾಗಿ ಹಾಕಿ, ಹಾಕಲೇಬೇಕು. ಹಾಗಾದರೆ ರೇಡಿಯೋ ಕಡೆಯಿಂದ ಸರ್ವರ್ ನಿಭಾಯಿಸುವಾಗ ಪಾಸ್‌ವರ್ಡ್ ಗಾಳಿಗೆ ಹೋಗುತ್ತದಲ್ಲ ಅಂತ ಕೇಳುತ್ತೀರಿ. ಒಂದು ಸಲ ಬಳಸಿ ಬಿಡುವ ಪಾಸ್‌ವರ್ಡ್ ಇಟ್ಟುಕೊಳ್ಳಿ, ಇಲ್ಲವೇ ಡಿಜಿಟಲ್ ಸಹಿ ಬಳಸಿ. ಸಹಿ ಮಾತನ್ನು ಮುಚ್ಚುವುದಿಲ್ಲ, ಮಾತು ಯಾರದ್ದು ಅಂತ ಸಾಬೀತು ಮಾಡುತ್ತದೆ ಅಷ್ಟೇ. ಬಹಳಷ್ಟು ಹ್ಯಾಮ್‌ಗಳು ಒಪ್ಪುವ ದಾರಿ ಇದು.

ಕ್ಲಬ್ಬಿನವರು ಕೇಳದೆ ಬಿಟ್ಟ ಒಂದು ವಿಷಯ ಇದೆ. ಸರ್ವರ್ ಇಂಟರ್ನೆಟ್ಟಿಗೆ ತೆರೆದುಕೊಂಡ ಕ್ಷಣದಿಂದ ಜಗತ್ತಿನ ಎಲ್ಲ ಕಡೆಯಿಂದ ಕಸ ಬರಲು ಶುರುವಾಗುತ್ತದೆ. ಬಾಗಿಲು ಬಡಿಯುವ ಬಾಟ್‌ಗಳು, ಪೋರ್ಟ್ ಹುಡುಕುವವರು. ಅದು ರೇಡಿಯೋ ಮೇಲೆ ಹೋದರೆ ಲೈಸೆನ್ಸ್ ಇಲ್ಲದವರ ಸಂದೇಶ ನಿಮ್ಮ ಕಾಲ್‌ಸೈನ್‌ನಲ್ಲಿ ಪ್ರಸಾರ ಆದಂತೆ. 1200 ಬಾಡ್ ಕೊಂಡಿಯಲ್ಲಿ ಸೆಕೆಂಡಿಗೆ ಹೋಗುವುದೇ 150 ಬೈಟ್. ಈಗಿನ ಕಾಲದ 20 ಲಕ್ಷ ಬೈಟ್‌ನ ಒಂದು ವೆಬ್ ಪುಟ ದಾಟಲು ಮೂರು ಮುಕ್ಕಾಲು ಗಂಟೆ ಹತ್ತಿರ ಬೇಕು. ಅಂಥ ಸಣ್ಣ ದಾರಿಯಲ್ಲಿ ಕಸ ತುಂಬಿದರೆ ತುರ್ತಿನ ಹೊತ್ತಿಗೆ ಒಂದು ಸಾಲು ಸಂದೇಶವೂ ನುಸುಳುವುದಿಲ್ಲ. ಫೈರ್‌ವಾಲ್‌ನಲ್ಲಿ ಮೊದಲು ಎಲ್ಲವನ್ನೂ ಮುಚ್ಚಿ, ಬೇಕಾದ್ದನ್ನು ಮಾತ್ರ ಒಂದೊಂದಾಗಿ ತೆರೆಯಿರಿ.

ಮುಂದಿನ ಸಭೆಗೆ ಒಂದು ಪುಟ ಬರೆದು ತನ್ನಿ. ಉದ್ದ ಬೇಡ. ಕ್ಲಬ್ ಕಾಲ್‌ಸೈನ್‌ನ ಹೊಣೆ ಈಗ ಯಾರದ್ದು, ಅವರಿಗೆ ಆಗದಿದ್ದರೆ ಯಾರದ್ದು. ಎಎಂಪಿಆರ್ ಖಾತೆ, ಡೊಮೇನ್ ಖಾತೆ, ಗುಡ್ಡದ ಪೆಟ್ಟಿಗೆ, ಈ ಮೂರರ ಪಾಸ್‌ವರ್ಡ್ ಯಾವ ಇಬ್ಬರ ಹತ್ತಿರ ಇರುತ್ತದೆ. ನೋಟಿಸು ಹೋಗುವ ಮೇಲ್ ಒಬ್ಬರ ಸ್ವಂತದ್ದಾಗಿರಬಾರದು. ಕಾಲ್‌ಸೈನ್ ಕೆಳಗೆ ಹೊಸ ಹೆಸರು ಬೇಕಾದವರು ಯಾರನ್ನು ಕೇಳಬೇಕು, ಆಗಲ್ಲ ಅಂದರೆ ಕಾರಣ ಬರೆದು ಕೊಡಬೇಕು. ಒಬ್ಬರು ಊರು ಬಿಟ್ಟರೆ ಅಥವಾ ಸೈಲೆಂಟ್ ಕೀ ಆದರೆ ಅವರ ಹೆಸರಿನ ದಾಖಲೆ ಎಷ್ಟು ದಿನ ಉಳಿಯುತ್ತದೆ. ಎಆರ್‌ಡಿಸಿಯವರು ಲೈಸೆನ್ಸ್ ನೋಡಿ ವಿಳಾಸ ಕೊಡುತ್ತಾರೆ, ನಿಮ್ಮ ಕ್ಲಬ್ಬಿನ ಒಳಜಗಳದಲ್ಲಿ ಕೂತು ನ್ಯಾಯ ಹೇಳಲು ಬರುವುದಿಲ್ಲ. ಆ ಪುಟಕ್ಕೆ ಎಲ್ಲ ಹದಿನಾಲ್ಕು ಜನರ ಸಹಿ ಹಾಕಿಸಿ.

ಅರ್ಜಿ ಹಾಕುವಾಗ ಕ್ಲಬ್ಬಿನದ್ದೊಂದೇ ಹಾಕಬೇಡಿ. ಲೈಸೆನ್ಸ್ ಇರುವ ಪ್ರತಿಯೊಬ್ಬರೂ ತಮ್ಮ ಕಾಲ್‌ಸೈನ್ ಹೆಸರನ್ನೂ ದಾಖಲು ಮಾಡಿಕೊಳ್ಳಲಿ, ಆ ಹಿರಿಯರು ಕೂಡ. ಅವರ ಮನೆಗೆ ಹೋದಾಗ ಡಾಟ್ ಇನ್ ಮಾತು ಎತ್ತುವ ಮೊದಲು ಈ ಅರ್ಜಿಯನ್ನೇ ಅವರ ಜೊತೆ ಕೂತು ತುಂಬಿಸಿ.